ಮುಗಿಲಿಗೆ ಕೂಗು ಹಾಕುವ ಕಾಲಿಪಾ

ಕೋಕ್‌-ಬೆಲ್ ಎಂಬ ಬೆಟ್ಟದೂರಿನ ಕುದುರೆಗಳಿಗೆ ಮೈ ತುರಿಸಿಕೊಳ್ಳಲು ಬೇರೆ ಜಾಗವೇ ಸಿಗುವುದಿಲ್ಲ. ನಸುಕು ಹರಿಯುವ ಮೊದಲೇ ಬಂದು, ರೇಡಿಯೊ ಕಂಬಗಳನ್ನು ಬಿಗಿದ ತಂತಿಗಳಿಗೆ ಬೆನ್ನು ಒತ್ತಿ ನಿಂತುಬಿಡುತ್ತವೆ. ಕಾಲಿಪಾ ತಲೆವಸ್ತ್ರ ಬಿಗಿದುಕೊಂಡು, ಕೋಲು ಹಿಡಿದು, ಕುದುರೆಗಳ ಒಡೆಯನಿಗೂ ಕೇಳಿಸುವ ಹಾಗೆ ಬೈಯುತ್ತ ಬರುತ್ತಾರೆ.

“ತುರ್ದುಬೈ ಅಣ್ಣ, ನಿಮ್ಮ ಕುದುರೆಗಳಿಗೂ ನಿಮ್ಮಷ್ಟೇ ಬುದ್ಧಿ ನೋಡಿ!”

“ಅವು ನಿನ್ನ ಯಂತ್ರ ರಿಪೇರಿ ಮಾಡ್ತಿವೆ ಕಣಮ್ಮ. ಸಂಬಳ ಕೊಡು!” ಬೇಲಿಯಾಚೆಯಿಂದ ಮುದುಕನ ಉತ್ತರ.

ಕುದುರೆಗಳನ್ನು ಅಟ್ಟಿ, ತಂತಿಗೆ ಕಟ್ಟಿದ ಮಂಜುಗಡ್ಡೆಯನ್ನು ಕೋಲಿನಿಂದ ತಟ್ಟಿ ಉದುರಿಸಿದ ಮೇಲೆ ಕಾಲಿಪಾ ಪಕ್ಕದ ರೇಡಿಯೊ ವೀಕ್ಷಣಾ ಕೇಂದ್ರದ ಒಳಗೆ ಕಾಲಿಡುತ್ತಾರೆ. ಕಾಲು ಗಂಟೆಗೊಮ್ಮೆ ಇಲ್ಲಿನ ಯಂತ್ರ ಮೇಲಕ್ಕೆ ರೇಡಿಯೊ ಅಲೆಗಳನ್ನು ಕಳುಹಿಸುತ್ತದೆ. ಮೋಡಗಳಿಗಿಂತ ಎಷ್ಟೋ ಮೇಲೆ, ವಿದ್ಯುತ್ ಕಣಗಳು ತುಂಬಿದ ಅಯಾನುಗೋಳಕ್ಕೆ ತಾಗಿ ಅವು ಹಿಂತಿರುಗುತ್ತವೆ. ಪರದೆಯ ಮೇಲೆ ಒಂದು ಗೆರೆ ಮೂಡುತ್ತದೆ. ಆ ಗೆರೆಯನ್ನು ಕಾಯುವುದೇ ಈಕೆಯ ಕೆಲಸ.

“ಕಣಿವೇಲಿ ನಿಂತು ಕೂಗಿದ ಹಾಗೇನೇ ಇದು. ವಾಪಸ್ ಬಂದ ದನಿ ಒಡೆದಿದ್ರೆ ಅಲ್ಲೇನೋ ಆಗ್ತಿದೆ ಅಂತ. ಏನು ಅಂತ ಮಾತ್ರ ಅದು ಹೇಳಲ್ಲ,” ಎನ್ನುತ್ತಾರೆ.

ನೆಲ ನಡುಗುವ ಮೊದಲು ಮೇಲಿನ ಆ ಪದರವೂ ಕದಡುತ್ತದೆ ಎಂದು ಕೆಲವು ವಿಜ್ಞಾನಿಗಳು ನಂಬುತ್ತಾರೆ. ಸೂರ್ಯ ಕೆರಳಿದರೂ ಗೆರೆ ಹೀಗೆಯೇ ಚದುರುತ್ತದಲ್ಲ ಎಂದು ಉಳಿದವರು ಕೇಳುತ್ತಾರೆ. ಈ ಜಗಳ ಮುಗಿಯುವ ತನಕ ಕೇಂದ್ರದವರು ಊರಿನವರ ಮುಂದೆ ಬಾಯಿ ಬಿಡುವಂತಿಲ್ಲ. ಕಂಡದ್ದನ್ನು ನಗರದ ವಿಜ್ಞಾನಿಗಳಿಗೆ ಕಳುಹಿಸಬೇಕು, ಸುಮ್ಮನಿರಬೇಕು.

ಕಾಲಿಪಾ ಒಮ್ಮೆ ಸುಮ್ಮನಿದ್ದವರು. ಆಗ ಅವರಿಗೆ ಮೂವತ್ತು ದಾಟಿತ್ತಷ್ಟೆ. ಕೇಂದ್ರದಲ್ಲಿ ಚಹಾ ಕಾಯಿಸಲು ಸೇರಿದ್ದ ಈ ಹುಡುಗಿ ನೋಡಿ ನೋಡಿಯೇ ಕೆಲಸ ಕಲಿತು ಯಂತ್ರದ ಮುಂದೆ ಕುಳಿತಿದ್ದಳು. ಒಂದು ಸಂಜೆ ಗೆರೆ ಬಿಡಿಸಿದ ಉಣ್ಣೆಯ ಹಾಗೆ ಹರಡಿಕೊಂಡಿತು. ಸೂರ್ಯ ಕೆರಳಿರಲಿಲ್ಲ, ತಣ್ಣಗಿದ್ದ. ಮನೆಗೆ ಬಂದ ಕಾಲಿಪಾ ಹಾಸಿಗೆಯನ್ನು ಅಂಗಳಕ್ಕೆ ಒಯ್ಯೋಣವೆಂದು ಎತ್ತಿಕೊಂಡು ಬಾಗಿಲವರೆಗೂ ಹೋದರು. ಗಂಡ ಎಸೆನ್‌ಕುಲ್‌ಗೆ ಚಳಿಯೆಂದರೆ ಆಗದು, ಊರವರೂ ನಕ್ಕಾರು. ಹಾಸಿಗೆ ಒಳಗೇ ಉಳಿಯಿತು. ಬೆಳಗಿನ ಪಾಳಿಗೆಂದು ಕಾಲಿಪಾ ಕಂಬಗಳ ಹತ್ತಿರ ಬಂದಾಗ ನೆಲ ನಡುಗಿತು. ಓಡಿ ಬಂದು ನೋಡಿದರೆ ಮನೆಯ ಮಣ್ಣಿನ ಗೋಡೆ ಮಲಗಿದ್ದ ಗಂಡನ ಮೇಲೆ ಬಿದ್ದಿತ್ತು.

ಆ ಗೆರೆಗೂ ಆ ನಡುಕಕ್ಕೂ ನಂಟಿತ್ತೋ ಇಲ್ಲವೋ, ಇಂದಿಗೂ ಯಾರೂ ಎದೆ ತಟ್ಟಿ ಹೇಳುವುದಿಲ್ಲ. “ನನಗೂ ಗೊತ್ತಿಲ್ಲ. ಆದ್ರೆ ಹಾಸಿಗೆ ನನ್ನ ಕೈಯಲ್ಲೇ ಇತ್ತಲ್ಲ,” ಎನ್ನುವಾಗ ಅವರ ದನಿ ಇಳಿಯುತ್ತದೆ.

ಕಳೆದ ಶರತ್ಕಾಲದಲ್ಲಿ ಗೆರೆ ಮತ್ತೆ ಹಾಗೆಯೇ ಹರಡಿತು. ಸೂರ್ಯ ಆಗಲೂ ತಣ್ಣಗಿದ್ದ. ನಗರದವರು ಪಾಪ, “ನೋಡ್ತಾ ಇರಿ,” ಎನ್ನುವುದಕ್ಕಿಂತ ಹೆಚ್ಚೇನು ಹೇಳಿಯಾರು? ಈ ಸಲ ಕಾಲಿಪಾ ಕಾಯಲಿಲ್ಲ. ಯಾರಿಗೂ ಒಂದು ಮಾತನ್ನೂ ಹೇಳದೆ, ಮದುವೆಯಲ್ಲಿ ತಂದು ಗೋಡೆಗೆ ಒಟ್ಟಿದ್ದ ಹತ್ತಿಯ ಹಾಸಿಗೆಗಳನ್ನೆಲ್ಲ ಹೊತ್ತು ತಂದು ಅಂಗಳದಲ್ಲಿ ಹಾಸಿದರು. ಪಕ್ಕದ ಮನೆಯವರು ನೋಡಿದರು, ಅವರಿಂದ ಅದರಾಚೆಯವರಿಗೆ ತಿಳಿಯಿತು. ಕತ್ತಲಾಗುವ ಹೊತ್ತಿಗೆ ಕೂಸು, ಕುರಿಮರಿ, ಚಹಾ ಕಾಯಿಸುವ ಸಮಾವಾರಗಳ ಸಮೇತ ಊರಿಗೆ ಊರೇ ಹೊರಗೆ ಮಲಗಿತ್ತು.

ನೆಲ ಮಿಸುಕಲಿಲ್ಲ. ಎಲೆಯೂ ಅಲ್ಲಾಡಲಿಲ್ಲ.

ಬೆಳಗ್ಗೆ ಊರವರ ಬಾಯಿಗೆ ಬೀಗವಿರಲಿಲ್ಲ. ಒಬ್ಬಳಿಗೆ ಕುತ್ತಿಗೆ ಹಿಡಿದಿತ್ತು, ಒಬ್ಬನಿಗೆ ನೆಗಡಿ. ತುರ್ದುಬೈ ಸೀನುತ್ತಲೇ ಬೈದ: “ಕಾಲಿಪಾ, ಭೂಕಂಪ ಉಳಿಸಿದ ಜೀವಾನ ನೀನೇ ತೆಗೀತೀಯ ನೋಡು!” ಅಂದಿನಿಂದ ಕಾಲಿಪಾ ಹಾಸಿಗೆಯನ್ನು ಬಿಸಿಲಿಗೆ ಹಾಕುವಂತೆಯೂ ಇಲ್ಲ. “ಅಕ್ಕಾ, ಇದು ಬಿಸಿಲಿಗೋ ಭೂಕಂಪಕ್ಕೋ?” ಎಂದು ಹೆಂಗಸರು ಬೇಲಿಯ ಹತ್ತಿರ ಬಂದು ನಿಲ್ಲುತ್ತಾರೆ. ನಗುತ್ತಾರೆ ನಿಜ, ಉತ್ತರ ಸಿಗುವ ತನಕ ಒಬ್ಬರೂ ಕದಲುವುದಿಲ್ಲ.

ಮುಂದಿನ ಸಲ ಊರವರು ಹೊರಗೆ ಬರುತ್ತಾರೆಯೇ ಎಂದು ಕೇಳಿದರೆ ಕಾಲಿಪಾ ಬ್ರೆಡ್ಡು ಮುರಿಯುವುದನ್ನು ನಿಲ್ಲಿಸುತ್ತಾರೆ.

“ಬರ್ತಾರೋ ಬಿಡ್ತಾರೋ, ಗೆರೆ ಕದಡಿದ್ರೆ ನಾನಂತೂ ಹಾಸಿಗೆ ಹೊರಗೆ ಹಾಕೋಳೇ. ತಪ್ಪಿದ್ರೆ ಬೈಯ್ಲಿ. ಆವತ್ತು ಮನೆಮನೆಯವರೂ ಬಂದು ಬೈದ್ರು. ಎಲ್ಲರಿಗೂ ಚಹಾ ಕೊಟ್ಟೆ. ಬೇಜಾರೇ ಆಗ್ಲಿಲ್ಲ, ಬೈಯೋಕೆ ಎಲ್ಲರೂ ಇದ್ರಲ್ಲ!” ಎಂದು ನಗುತ್ತಾರೆ. ಆಮೇಲೆ ಬಾಗಿಲ ಕಡೆ ನೋಡುತ್ತಾರೆ. “ನಮ್ಮ ಮನೆಯವರೊಬ್ಬರು ಇರ್ಲಿಲ್ಲ. ಸುಮ್ಮನೆ ಚಳೀಲಿ ಮಲಗಿಸಿದ್ಯಲ್ಲೇ ಅಂತ ಅವರೂ ಬಂದು ಬೈದಿದ್ರೆ, ನನಗೆ ಇನ್ನೇನೂ ಬೇಡವಾಗಿತ್ತು.”