ಚೀನಿ ಅಮ್ಮ ಆರಿಸಿದ ಬಣ್ಣ

ಹೋದ ತಿಂಗಳು ವಿದ್ಯಾನಗರದ ಟೈಲರ್ ಅಂಗಡಿಯಲ್ಲಿ ರವಿಕೆಗಾಗಿ ಕಾಯುತ್ತ ಕೂತಿದ್ದೆ. ಒಳಗೆ ಯಾರೋ ಬಿಳಿ ಸ್ಯಾಟಿನ್ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದರು. ಬಿಸಿ ತಾಗಿದ ಹೊಸ ಬಟ್ಟೆಯ ಆ ವಾಸನೆ, ಸ್ವಲ್ಪ ಗಂಜಿ, ಸ್ವಲ್ಪ ಕಮಟು… ಎಷ್ಟು ವರ್ಷಗಳಾಗಿದ್ದವು! ನಮ್ಮ ಪಕ್ಕದ ಮನೆಯ ಚೀನಿ ಅಮ್ಮ ಎದುರು ಬಂದು ನಿಂತಂತಾಯಿತು.

ಐವತ್ತರ ದಶಕದ ಕೊನೆಯ ಮಾತು. ಅವರ ಗಂಡ ದಾವಣಗೆರೆಯಲ್ಲಿ ಹಲ್ಲು ಕಟ್ಟುವ ಡಾಕ್ಟರು. ಮುಂದಿನ ಕೋಣೆಯಲ್ಲಿ ಅವರ ಕುರ್ಚಿ, ನಡುಮನೆಯಲ್ಲಿ ಇವರ ಹೊಲಿಗೆ ಮಷಿನ್ನು. ಕಲ್ಕತ್ತೆಯಿಂದ ಬಂದವರಾದರೂ ಚೀನಿ ಅಮ್ಮ ಕನ್ನಡ ಕಲಿತದ್ದು ನಮ್ಮ ಓಣಿಯಲ್ಲೇ. ಹಾಗಾಗಿ ಮಾತೆಲ್ಲ ನಮ್ಮದೇ. ತರಕಾರಿಯವನ ಹತ್ತಿರ ಚೌಕಾಸಿಗೆ ನಿಂತರೆ ನಮ್ಮ ಅಮ್ಮನೇ ಸೋಲಬೇಕು.

ಅವರ ಹತ್ತಿರ ಕಾಜ, ಗುಂಡಿ, ಅಂಚು ಹೊಲಿಯಲು ಹೋಗುತ್ತಿದ್ದವಳು ನನ್ನ ಅತ್ತೆ, ಅಪ್ಪನ ತಂಗಿ. ಇಪ್ಪತ್ತಕ್ಕೇ ಗಂಡ ತೀರಿಹೋಗಿ ತವರಿಗೆ ಬಂದಿದ್ದಳು. ಆಗಿನಿಂದ ಬಿಳಿ ಸೀರೆ. ಹತ್ತು ವರ್ಷದ ನಾನು ಶಾಲೆ ಬಿಟ್ಟೊಡನೆ ಓಡಿಹೋಗಿ ಅತ್ತೆಯ ಪಕ್ಕ ಕೂರುತ್ತಿದ್ದೆ. ಚೀನಿ ಅಮ್ಮ ಬಟ್ಟೆ ಚೂರುಗಳಿಂದ ನನಗೊಂದು ಮೀನು ಮಾಡಿಕೊಟ್ಟಿದ್ದರು.

ಒಂದು ಮಧ್ಯಾಹ್ನ ಹರಿಹರದಿಂದ ರೈಲ್ವೆ ಗಾರ್ಡ್ ಒಬ್ಬರ ಹೆಂಡತಿ ಬಂದರು. ಆಂಗ್ಲೋ ಇಂಡಿಯನ್ ಹೆಂಗಸು, ಮೊಣಕಾಲುದ್ದದ ಫ್ರಾಕು. ಮಗಳ ಮದುವೆಗೆ ಗೌನು ಬೇಕೆಂದು ಬಿಳಿ ಸ್ಯಾಟಿನ್ ಬಿಚ್ಚಿ ಹಾಸಿದರು. ಚೀನಿ ಅಮ್ಮ ಚಾಚಿದ ಕೈ ಹಿಂದಕ್ಕೆಳೆದುಕೊಂಡರು.

"ಮದುವಿಗೆ ಬಿಳೇದಾ? ಬ್ಯಾಡ್ರೀ. ನಮ್ಮಲ್ಲಿ ಬಿಳೇದು ಸಾವಿನ ಮನ್ಯಾಗೆ ಹಾಕ್ಕೊಳ್ಳೋದು. ಮದುವಿ ಅಂದ್ರ ಕೆಂಪು."

ಆ ಹೆಂಗಸು ನಕ್ಕುಬಿಟ್ಟರು. "ಸಾವಿಗೆ ನಮ್ಮದು ಕಪ್ಪು. ನನ್ನ ಮಗಳು ಕೆಂಪು ಗೌನ್ ಹಾಕಿ ಹೋದ್ರೆ ಪಾದ್ರಿ ಬಾಗಿಲಲ್ಲೇ ನಿಲ್ಲಿಸ್ತಾರೆ. ಬಿಳಿ ಅಂದ್ರೆ ಶುದ್ಧ ಅಲ್ವಾ?"

ಹೀಗೆ ಅಂದವರು ಮೂಲೆಯಲ್ಲಿ ಕೂತಿದ್ದ ಅತ್ತೆಯ ಸೀರೆ ನೋಡಿ ಸ್ಯಾಟಿನ್ನನ್ನು ತಮ್ಮತ್ತ ಎಳೆದುಕೊಂಡರು. ಅತ್ತೆ ಸೂಜಿಗೆ ದಾರ ಪೋಣಿಸುತ್ತ ತಲೆ ಎತ್ತಲಿಲ್ಲ.

"ಎಷ್ಟು ವರ್ಷ ಆತವ್ವ?" ಚೀನಿ ಅಮ್ಮ ಕೇಳಿದರು. ಅದಕ್ಕೆ ಮುಂಚೆ ಎಂದೂ ಕೇಳಿದವರಲ್ಲ.

"ಐದು."

"ನಮ್ಮಲ್ಲಿ ಭಾಳ ಅಂದ್ರ ಮೂರು. ಆಮ್ಯಾಲೆ ತೆಗೆದಿಡ್ತಾರ."

"ನಮ್ಮಮ್ಮ ಒಂದು ವರ್ಷ ಕಪ್ಪು ಹಾಕಿದ್ರು," ಎಂದರು ಆ ಹೆಂಗಸು ಮೆಲ್ಲಗೆ. "ನಿಂದು ಯಾವಾಗ ಮುಗಿಯೋದು?"

ಅದು ಮುಗಿಯುವಂಥದ್ದೆಂದು ಅತ್ತೆಗೆ ಯಾರೂ ಹೇಳಿರಲಿಲ್ಲ.

ಗೌನು ಸಿದ್ಧವಾಯಿತು. ಅಂಚೆಲ್ಲ ಅತ್ತೆಯ ಕೈಹೊಲಿಗೆ. ಹೊಲಿದವರಿಬ್ಬರೂ ಮದುವೆಗೆ ಬರಲೇಬೇಕೆಂದು ಹರಿಹರದಿಂದ ಕರೆ ಬಂತು. ಅತ್ತೆ ಐದು ವರ್ಷದಿಂದ ಯಾವ ಮದುವೆಗೂ ಹೋದವಳಲ್ಲ. ಬಳಗದ ಮದುವೆಯಲ್ಲೂ ಅಡುಗೆ ಕೋಣೆ ದಾಟುವಂತಿರಲಿಲ್ಲ. "ಬಿಳೇ ಸೀರಿ ಉಟ್ಟು ಮದುವಿಗೆ ಹೋಗ್ತಾಳಾ?" ಎಂದು ಅಜ್ಜಿ ಗದರಿದಳು.

"ಅಲ್ಲಿ ಮದುಮಗಳೇ ಬಿಳೇದು ಹಾಕ್ಕೊಂಡಿರ್ತಾಳ, ಕಳಿಸ್ರೀ," ಎಂದು ಚೀನಿ ಅಮ್ಮ ನಕ್ಕರು. ಅಜ್ಜಿ ಗೊಣಗುತ್ತ ಒಳಗೆ ಹೋದಳು.

ರೈಲಿನಲ್ಲಿ ಅತ್ತೆ, ಚೀನಿ ಅಮ್ಮ, ನಾನು ಮೂವರೂ ಹೋದೆವು. ಚರ್ಚಿನ ಬಾಗಿಲಲ್ಲಿ ಗೌನಿನ ಹಿಂದಿನ ತುದಿ ಮಡಚಿಕೊಂಡಿತು. ಅತ್ತೆ ಮೊಣಕಾಲೂರಿ ಅದನ್ನು ಸರಿಮಾಡಿದಳು. ಮದುಮಗಳು ಬಗ್ಗಿ ಅವಳ ಕೆನ್ನೆಗೆ ಮುತ್ತಿಟ್ಟಳು, ಎಲ್ಲರೆದುರು. ಯಾರೂ ಮುಖ ತಿರುಗಿಸಲಿಲ್ಲ. ವಾಪಸು ಬರುವಾಗ ಅತ್ತೆ ಕಿಟಕಿಗೆ ಹಣೆಯಿಟ್ಟು ಅತ್ತಳು. ದಾವಣಗೆರೆ ಬರುವಷ್ಟರಲ್ಲಿ ಆ ಮುತ್ತು ನೆನೆಸಿಕೊಂಡು ನಗುತ್ತಿದ್ದಳು.

ಮರುವಾರ ಚೀನಿ ಅಮ್ಮ ನಮ್ಮ ಮನೆಗೆ ಬಂದು ಅಜ್ಜಿಯ ಎದುರು ಕೂತರು.

"ನಿಮ್ಮಲ್ಲಿ ಕೆಂಪು ಮುತ್ತೈದೇರಿಗೆ, ಹಸಿರು ಬಸುರಿಗೆ, ಬಾಣಂತಿಗೆ. ಗೊತ್ತೈತ್ರೀ ನಂಗೆ. ನೀಲಿಗೆ ಏನರ್ಥ?"

ಅಜ್ಜಿ ಅಗಿಯುತ್ತಿದ್ದ ಎಲೆ ಅಡಿಕೆಯನ್ನು ಒಂದು ದವಡೆಗೆ ಸರಿಸಿದಳು. "ಅದಕ್ಕೇನೂ ಇಲ್ಲವ್ವ. ಬರೇ ಬಣ್ಣ."

"ಹಂಗಾದ್ರ ಅದನ್ನ ಉಡ್ಲಿ ಬಿಡ್ರೀ."

ಅಜ್ಜಿ ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಸೋಮವಾರ ಅತ್ತೆ ತಿಳಿನೀಲಿ ಸೀರೆ ಉಟ್ಟು ಹೊರಬಂದಾಗ ಓಣಿಯ ಹೆಂಗಸರು ನೋಡಿದರು, ಮಾತಾಡಿಕೊಂಡರು. ಸ್ವಲ್ಪ ದಿನಕ್ಕೆ ಅದೂ ನಿಂತಿತು…

ಆಮೇಲೆ ಅರವತ್ತೆರಡರಲ್ಲಿ ಚೀನಾದ ಜೊತೆ ಯುದ್ಧ ಬಂತು. ಹಲ್ಲು ಕಟ್ಟಿಸಿಕೊಳ್ಳಲು ಯಾರೂ ಬರಲಿಲ್ಲ, ಹೊಲಿಗೆಗೂ ಬರಲಿಲ್ಲ. ಹುಟ್ಟಿದ್ದು ಕಲ್ಕತ್ತೆಯಲ್ಲಿ ಎಂದು ಅವರು ಹೇಳಿದ್ದನ್ನು ಕೇಳುವವರಿರಲಿಲ್ಲ. ಚೀನೀ ಮೂಲದವರನ್ನು ಹಿಡಿದೊಯ್ಯುತ್ತಿದ್ದ ದಿನಗಳವು. ಒಂದು ಬೆಳಿಗ್ಗೆ ಪೊಲೀಸ್ ಜೀಪು ಬಂದು ನಿಂತಿತು. ಗಂಡ ಹೆಂಡತಿ ಒಂದೊಂದು ಗಂಟು ಹಿಡಿದು ಹೊರಬಂದರು. ಎಲ್ಲಿಗೆಂದು ಅವರಿಗೂ ಗೊತ್ತಿರಲಿಲ್ಲ.

"ಯಾರೂ ಹೊರಗೆ ಹೋಗಬ್ಯಾಡ್ರಿ," ಎಂದರು ಅಪ್ಪ. ಅತ್ತೆ ಕೇಳಲಿಲ್ಲ. ಬಾಗಿಲು ತೆಗೆದು ಹೋಗಿ ಚೀನಿ ಅಮ್ಮನ ಗಂಟು ಇಸಿದುಕೊಂಡಳು. ಓಣಿಯೆಲ್ಲ ನೋಡುತ್ತಿದ್ದಂತೆ ಕೈ ಹಿಡಿದು ಜೀಪಿನ ತನಕ ನಡೆದಳು. ನಾನು ಕಿಟಕಿಯಲ್ಲಿದ್ದೆ. ಹದಿನಾಲ್ಕು ವರ್ಷ ನನಗೆ. ಚೀನಿ ಅಮ್ಮ ಜೀಪು ಹತ್ತುವ ಮೊದಲು ತಿರುಗಿ, "ಚೆಂದಾಗಿ ಓದವ್ವ," ಎಂದು ಕೂಗಿದರು. ಓಣಿಯ ಕಣ್ಣೆಲ್ಲ ನನ್ನತ್ತ ತಿರುಗಿತು. ನಾನು ಹಿಂದಕ್ಕೆ ಸರಿದು ಗೋಡೆಗೆ ಒರಗಿಕೊಂಡೆ.

ಅವರ ಕಾಗದ ಬರಲಿಲ್ಲ. ಅತ್ತೆ ಮುಂದೆ ನಿಟ್ಟುವಳ್ಳಿಯಲ್ಲಿ ಮಷಿನ್ನು ಹಾಕಿಕೊಂಡು ಮೂವತ್ತು ವರ್ಷ ಹೊಲಿದಳು, ಈಗ ಅವಳೂ ಇಲ್ಲ. ನಾನು ಅವರು ಹೇಳಿದಂತೆ ಚೆನ್ನಾಗಿಯೇ ಓದಿದೆ, ಟೀಚರಾಗಿ ನಿವೃತ್ತಳಾದೆ. ಆದರೆ ಅವರು ಕೂಗಿದಾಗ ಒಂದು ಸಲ "ಹೂಂ" ಅನ್ನಲಿಲ್ಲವಲ್ಲ… ಆ ಒಂದು ಹೂಂ ಕೇಳದೆಯೇ ಅವರು ಜೀಪು ಹತ್ತಿ ಹೋದರು.