ಇಂಚಕ್ಕನ ಒಂದೂವರೆ ಇಂಚು

ಸಮವಸ್ತ್ರ ಹೊಲಿಯುವ ಆ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಇಂಚಕ್ಕ ಎಂದೇ ಕರೆಯುತ್ತಿದ್ದರು. ಬಾಗಿಲಲ್ಲಿ ನಿಂತ ಗಿರಾಕಿಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಎದೆ, ಭುಜ, ಉದ್ದ ಎಲ್ಲ ಹೇಳಿಬಿಡುತ್ತಿದ್ದಳು. ಆಮೇಲೆ ಟೇಪು ಹಿಡಿದರೆ ಕಾಲಿಂಚೂ ಆಚೀಚೆ ಆಗುತ್ತಿರಲಿಲ್ಲ. ಆ ಕಣ್ಣಳತೆಯ ಮೇಲೆ ಎಷ್ಟು ಜಂಬವೋ, ಓರಗಿತ್ತಿಯ ಮೇಲೆ ಅಷ್ಟೇ ಹೊಟ್ಟೆಕಿಚ್ಚು.

ಓರಗಿತ್ತಿ ಹತ್ತು ವರ್ಷ ಚಿಕ್ಕವಳು. ಮದುವೆಯಾಗಿ ಬಂದ ವಾರ ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ನಿಂತಾಗ ಒಂದೇ ಎತ್ತರ, ಐದಡಿ ನಾಲ್ಕಿಂಚು. ಅಂದಿನಿಂದ ಅಂಗಡಿಯಲ್ಲಿ ತೊಡುವ ಉದ್ದನೆಯ ನೀಲಿ ಗೌನುಗಳಿಗೆ ಇಂಚಕ್ಕ ಬಟ್ಟೆಯನ್ನು ಎರಡು ಪದರ ಹಾಸಿ ಒಟ್ಟಿಗೇ ಕತ್ತರಿಸುತ್ತಿದ್ದಳು. ಕೆಳಗಿನ ಅಂಚು ಮಡಿಚಿ ಹೊಲಿಯುವುದು ಓರಗಿತ್ತಿಯ ಪಾಲು.

ಇಂಚಕ್ಕನಿಗೆ ಆರು ವರ್ಷದಿಂದ ಕೀಲುವಾತ. ಮೈ ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿಬಿದ್ದು ಬೆರಳ ಗಂಟುಗಳನ್ನು ಊದಿಸುವ ಕಾಯಿಲೆ. ಬೆಳಿಗ್ಗೆ ಕತ್ತರಿಯ ಕಣ್ಣಿಗೆ ಹೆಬ್ಬೆರಳು ತೂರುತ್ತಿರಲಿಲ್ಲ. ಅತ್ತ ಓರಗಿತ್ತಿ ಇಡೀ ಬಟ್ಟೆಯ ಥಾನನ್ನು ಹೆಗಲಿಗೇರಿಸಿ, ಏನೋ ಗುನುಗುತ್ತಾ ಮೆಟ್ಟಿಲು ಹತ್ತಿ ಬರುತ್ತಿದ್ದಳು. ಆ ಗುನುಗು ಬೇರೆ ಕೇಡು.

"ಅಕ್ಕ, ಇವತ್ತು ನಾನೇ ಕತ್ತರಿಸ್ಲಾ?"

"ನನ್ನ ಕೈ ಇನ್ನೂ ಬಿದ್ದುಹೋಗಿಲ್ಲ."

ಕತ್ತರಿ ಬಿಟ್ಟುಕೊಟ್ಟರೆ ಮೇಜು ಅವಳದಾಗುತ್ತದೆ, ತಾನು ಮೂಲೆಯಲ್ಲಿ ಕೂತು ಗುಂಡಿ ಹಚ್ಚಬೇಕಾಗುತ್ತದೆ. ಇದೊಂದೇ ಭಯ. ಅದಕ್ಕೇ ಹಳೇ ಚೀಟಿ ತೋರಿಸಿ ಸ್ಟೀರಾಯ್ಡ್ ಮಾತ್ರೆ ತಂದು, ಒಂದರ ಜಾಗದಲ್ಲಿ ಎರಡು ನುಂಗುತ್ತಿದ್ದಳು. ಡಾಕ್ಟರ ಮುಖ ನೋಡಿ ಮೂರು ವರ್ಷವಾಗಿತ್ತು. ಬೆನ್ನು ನೋವು ಮೇಜಿಗೆ ಬಗ್ಗಿದ್ದರಿಂದ ಎಂದುಕೊಂಡಳು. ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡರೆ ಅದಕ್ಕೂ ಓರಗಿತ್ತಿಯನ್ನೇ ಮನಸ್ಸಲ್ಲಿ ಬೈದುಕೊಂಡಳು.

ಒಂದು ದಿನ ಗೋಡೆಯ ಗೂಟಗಳಲ್ಲಿ ಪಕ್ಕಪಕ್ಕ ತೂಗುತ್ತಿದ್ದ ಗೌನುಗಳು ಕಣ್ಣಿಗೆ ಬಿದ್ದವು. ಓರಗಿತ್ತಿಯದು ಒಂದೂವರೆ ಇಂಚು ಕೆಳಗಿತ್ತು.

"ಒಟ್ಟಿಗೇ ಕತ್ತರಿಸಿದ್ದು. ನಿಂದು ಉದ್ದ, ನಂದು ಗಿಡ್ಡ. ಯಾಕೆ?"

ಓರಗಿತ್ತಿ ತಲೆ ಎತ್ತಲಿಲ್ಲ. "ನಿಮಗೆ ಅಷ್ಟೇ ಸರಿ ಹೋಗುತ್ತೆ, ಬಿಡಕ್ಕ."

ಇಂಚಕ್ಕನ ಮೈಯೆಲ್ಲ ಉರಿದುಹೋಯಿತು. ನಾಲ್ಕು ಜನರ ಮುಂದೆ ನನ್ನನ್ನು ಗಿಡ್ಡಿ ಮಾಡುವ ಆಟ ಇದು, ಅಲ್ಲವೇ? ಅಲ್ಲೇ ಕೂತು ತನ್ನ ಗೌನಿನ ಅಂಚು ಬಿಚ್ಚಿದಳು, ತೊಟ್ಟಳು, ಕೊರಳಿಗೆ ಟೇಪು ಹಾಕಿಕೊಂಡು ದುಮುದುಮು ಮೆಟ್ಟಿಲಿಳಿದಳು. ಮೂರನೇ ಮೆಟ್ಟಿಲಲ್ಲಿ ಅಂಚು ಕಾಲಿಗೆ ಸಿಕ್ಕಿತು. ಧೊಪ್ಪನೆ ಕುಂಡೆಯೂರಿ ಬಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ಇವತ್ತು ಏನೂ ಮುರಿದಿಲ್ಲ, ಪುಣ್ಯ. ಆದ್ರೆ ಬೆನ್ನಲ್ಲಿ ಎರಡು ಮೂಳೆ ಯಾವಾಗಲೋ ಕುಸಿದಿವೆ. ಎತ್ತರ ಕಮ್ಮಿ ಆಗಿದೆಯಾ?"

"ಇಲ್ಲ. ಐದಡಿ ನಾಲ್ಕು," ಎಂದಳು ಇಂಚಕ್ಕ.

"ಒಂದೂವರೆ ಇಂಚು ಕಮ್ಮಿ," ಎಂದಳು ಹಿಂದೆ ನಿಂತಿದ್ದ ಓರಗಿತ್ತಿ.

"ಅಳೆದಿದ್ರಾ?"

"ಇಲ್ಲ. ನೋಡಿದೆ."

ನರ್ಸು ಗೋಡೆಗೆ ನಿಲ್ಲಿಸಿ ಅಳೆದಳು. ಐದಡಿ ಎರಡೂವರೆ. ನಿಮ್ಮ ಗೋಡೆ ಸರಿಯಿಲ್ಲ ಎಂದು ಇಂಚಕ್ಕ ತನ್ನ ಟೇಪನ್ನೇ ಕೊಟ್ಟಳು. ಟೇಪೂ ಅದನ್ನೇ ಹೇಳಿತು.

"ಈ ಕಾಯಿಲೆ ಕೀಲಲ್ಲೇ ಕೂತಿರಲ್ಲಮ್ಮ," ಎಂದರು ಡಾಕ್ಟರಮ್ಮ. "ಮೂಳೆ ಟೊಳ್ಳಾಗುತ್ತೆ, ರಕ್ತನಾಳ, ಹೃದಯಾನೂ ಬಿಡಲ್ಲ. ಅದರ ಮೇಲೆ ಮಾತ್ರೆ ಡಬಲ್ ಬೇರೆ. ಬಿಪಿ ನೋಡಿ, ಎಷ್ಟಿದೆ. ಎದೆಯದೂ ಇವತ್ತೇ ಪರೀಕ್ಷೆ ಆಗ್ಬೇಕು. ಹಾಗಂತ ಮಾತ್ರೆ ತಟ್ಟನೆ ನಿಲ್ಲಿಸ್ಬೇಡಿ, ನಾನು ಹೇಳಿದ ಹಾಗೆ ಇಳಿಸೋಣ. ಮೇಜಿನ ಮೇಲೆ ಬಗ್ಗೋದು ಮಾತ್ರ ಇನ್ನು ಬೇಡ."

ಹೊರಗೆ ಬೆಂಚಿನ ಮೇಲೆ ಕೂತು ಇಂಚಕ್ಕ ಕೇಳಿದಳು, "ಬಾಯಿಬಿಟ್ಟು ಹೇಳ್ಬಾರದಿತ್ತಾ?"

"ಹೇಳಿದ್ರೆ ಕೇಳ್ತಿದ್ರಾ? ಎಡವಿ ಬೀಳ್ತೀರಿ ಅಂತ ಎರಡು ವರ್ಷದಿಂದ ನಿಮ್ಮ ಅಂಚು ಜಾಸ್ತಿ ಮಡಿಚ್ತಿದ್ದೀನಿ."

ಊರಿನವರ ಮೈಯನ್ನೆಲ್ಲ ಅಳೆದ ಕಣ್ಣಿಗೆ ತನ್ನದೇ ಮೈ ಕಾಣಲಿಲ್ಲ. ಕಂಡದ್ದು ಇವಳಿಗೆ. ಕುಸಿದ ಮೂಳೆಗಿಂತ ಅದೇ ಹೆಚ್ಚು ನೋಯಿತು.

ಮುಂದಿನ ವಾರ ಹೊಸ ಗೌನಿಗೆ ನೀಲಿ ಬಟ್ಟೆ ಬಂತು. ಇಂಚಕ್ಕ ಒಂದೇ ಪದರ ಹಾಸಿದಳು. ಕತ್ತರಿಯನ್ನು ಮೇಜಿನ ಆಚೆಗೆ ತಳ್ಳಿದಳು.

"ನಂದು ಮೊದಲು ಕತ್ತರಿಸು."

ಓರಗಿತ್ತಿ ಟೇಪಿಗೆ ಕೈಚಾಚಿದಳು.

"ಟೇಪು ಯಾಕೆ? ನೋಡಿದ್ದೀಯಲ್ಲ."

ಕತ್ತರಿ ಸರಸರ ಹೋಯಿತು. ಕಾಲಿಂಚು ತಪ್ಪಿದರೂ ಸಾಕು ಎಂದು ಇಂಚಕ್ಕ ಕಣ್ಣು ಕೀಲಿಸಿ ಕಾದಳು. ಎಲ್ಲೂ ತಪ್ಪಲಿಲ್ಲ. ಹೊಟ್ಟೆ ಮೊದಲಿನಷ್ಟೇ ಉರಿಯಿತು. ಮೂಲೆಯ ಕುರ್ಚಿಗೆ ಹೋಗಿ, ಬೆನ್ನು ನೆಟ್ಟಗೆ ಮಾಡಿ ಕೂತು, ಗುಂಡಿಯ ಡಬ್ಬಿ ತೆರೆದಳು.