ಮಣ್ಣಿನ ಲ್ಯಾಬಿನ ಚಾಚಾ

ಅವರ ಎರಡೂ ಅಂಗೈಗಳು ಸುಣ್ಣ, ಸಿಮೆಂಟಿನಲ್ಲಿ ಆಡಿ ಆಡಿ ಬೇಸಿಗೆಯ ಕೆರೆಯಂಗಳದಂತೆ ಬಿರಿದಿದ್ದವು. ಆ ಬಿರುಕುಗಳಿಗೆ ಕುಸುಬೆ ಎಣ್ಣೆ ಸವರಿಕೊಂಡೇ ಬೆಳಿಗ್ಗೆ ಲ್ಯಾಬಿನ ಬೀಗ ತೆಗೆಯುತ್ತಿದ್ದರು. ಗದಗಿನ ಎಂಜಿನಿಯರಿಂಗ್ ಕಾಲೇಜೊಂದರ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಅವರು ಅಟೆಂಡರ್, ನಾನು ಆಗಷ್ಟೇ ಸೇರಿದ ಉಪನ್ಯಾಸಕಿ. ವಿದ್ಯಾರ್ಥಿಗಳಿಗೂ ಪ್ರಾಧ್ಯಾಪಕರಿಗೂ ಅವರು ಚಾಚಾ.

ನೌಕರಿಗೆ ಬರುವ ಮೊದಲು ಚಾಚಾ ತಮ್ಮ ತಂದೆಯ ಜೊತೆ ಬೆಟಗೇರಿ, ಕುರ್ತಕೋಟಿ ಕಡೆಯ ಹಳೆಯ ಮನೆಗಳ ಮಣ್ಣಿನ ಚಾವಣಿಗಳನ್ನು, ಅಲ್ಲಿಯ ಮಾತಿನಲ್ಲಿ ಮಾಳಿಗೆಗಳನ್ನು, ದುರಸ್ತಿ ಮಾಡುತ್ತಿದ್ದರಂತೆ. ಚಿಟಿಕೆ ಮಣ್ಣನ್ನು ಕಿವಿಯ ಹತ್ತಿರ ಹಿಡಿದು ತಿಕ್ಕಿ, ಅದರಲ್ಲಿ ಉಸುಕೆಷ್ಟು, ಎರೆಮಣ್ಣೆಷ್ಟು ಎಂದು ಹೇಳುತ್ತಿದ್ದರು. ನಾವು ಜರಡಿ ಹಿಡಿದು ಅರ್ಧ ದಿನ ಕಳೆದು ಅದೇ ಲೆಕ್ಕಕ್ಕೆ ಬರುತ್ತಿದ್ದೆವು. ಆದರೂ ಪ್ರತಿ ಸಲ, "ನೀವು ನೋಡ್ರಿ, ನಂದು ತಪ್ಪಿರಬಹುದು" ಎನ್ನುವ ಮಾತು ಸೇರಿಸದೆ ಬಿಡುತ್ತಿರಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಬಲು ಕಟ್ಟುನಿಟ್ಟು. ಕೈ ತೊಳೆಯದ ಯಾರನ್ನೂ ಹೊರಗೆ ಬಿಡುತ್ತಿರಲಿಲ್ಲ. ಬಾಗಿಲಲ್ಲಿ ಅಡ್ಡ ನಿಲ್ಲುತ್ತಿದ್ದರು.

ಬೆಟಗೇರಿಯ ಒಂದು ಓಣಿಯಲ್ಲಿ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಸಣ್ಣ ಕಾರ್ಖಾನೆಯಿತ್ತು. ಅದು ಮುಚ್ಚಿ ವರ್ಷಗಳಾದರೂ ಅಂಗಳದ ಮಣ್ಣಿನಲ್ಲಿ ಸೀಸ ಹಾಗೇ ಉಳಿದಿತ್ತು. ಅಂಥ ಮಣ್ಣಿಗೆ ಸಿಮೆಂಟು, ಸುಣ್ಣ ಬೆರೆಸಿ ಗಟ್ಟಿ ಮಾಡಿದರೆ ಸೀಸ ಒಳಗೇ ಕಟ್ಟುಬೀಳುತ್ತದೆ. ಹಾಗೆ ಮಾಡಿ ಅದನ್ನು ಪಕ್ಕದ ಅಂಗನವಾಡಿಯ ತಗ್ಗು ಅಂಗಳಕ್ಕೆ ತುಂಬಬೇಕೆಂದು ಊರವರು ಯೋಚಿಸಿದ್ದರು. ತುಂಬಬಹುದೇ ಎಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಚಾಚಾ ಅಚ್ಚಿನಲ್ಲಿ ಮಣ್ಣು ಕುಟ್ಟಿ ಇಟ್ಟಿಗೆಯಂಥ ಗಟ್ಟಿಗಳನ್ನು ಮಾಡಿಕೊಟ್ಟರು. ನಾಲ್ಕು ವಾರ ಹಸಿ ಗೋಣಿಚೀಲದಡಿ ಇಟ್ಟು ಪರೀಕ್ಷಿಸಿದೆ. ಭಾರ ಹೊತ್ತವು; ನೀರಿನಲ್ಲಿ ನೆನೆಯಿಟ್ಟಾಗ ಹೊರಬಂದ ಸೀಸವೂ ಮಿತಿಯೊಳಗಿತ್ತು. 'ಬಳಸಲು ಯೋಗ್ಯ' ಎಂದು ಬರೆದು ಸಹಿ ಹಾಕಿದೆ. ನನ್ನ ಹೆಸರಿನಲ್ಲಿ ಹೋದ ಮೊದಲ ವರದಿ ಅದು. ಮನೆಗೆ ಪೇಢೆ ಒಯ್ದಿದ್ದೆ.

ಮರುದಿನ ಚಾಚಾ ಬಂದು, "ಮೇಡಮ್ಮಾರ, ಒಂದೀಟ ಮ್ಯಾಲ ಬರ್ತೀರೇನ್ರಿ?" ಎಂದರು.

ಕಾಲೇಜಿನ ಚಾವಣಿಯ ಮೇಲೆ, ನೀರು ತುಂಬಿದ ಪ್ಲಾಸ್ಟಿಕ್ ಬಕೆಟ್ಟಿನ ಪಕ್ಕ, ನನ್ನದೇ ಮಿಶ್ರಣದ ಮೂರು ಗಟ್ಟಿಗಳಿದ್ದವು. ಒಂದು ದಿನ ನೀರಿನಲ್ಲಿ, ಎರಡು ದಿನ ಬಿಸಿಲಿನಲ್ಲಿ, ಮತ್ತೆ ನೀರಿನಲ್ಲಿ, ಹೀಗೆ ಯಾರಿಗೂ ಹೇಳದೆ ಇಟ್ಟಿದ್ದರು. ಒಂದು ಗಟ್ಟಿ ಉದ್ದಕ್ಕೆ ಬಿರುಕು ಬಿಟ್ಟಿತ್ತು. ಮುಟ್ಟಿದರೆ ಮೂಲೆ ಬೆರಳಿಗೆ ಬಂತು.

"ಬರೇ ನೀರಾಗ ಇಟ್ರ ಇದು ಎಷ್ಟ ದಿನ ಆದ್ರೂ ಇರತೈತ್ರಿ. ಮಾಳಗಿನೂ ಹಂಗ. ಜಡಿಮಳಿಗೆ ಸೋರಂಗಿಲ್ಲ. ಬಿಸಲಿಗೆ ಒಣಗಿ ಬಿರುಕು ಬಿಡತೈತಿ, ಆಮ್ಯಾಲ ಬರೋ ಮಳಿಗೆ ಸೋರತೈತಿ."

"ಮೊದಲ ಯಾಕ ಹೇಳಲಿಲ್ಲ ಚಾಚಾ?" ನನಗೆ ಸಿಟ್ಟು ಬಂದಿತ್ತು.

"ಮೊದಲ ಬಿರುಕು ಬಿಟ್ಟಿರಲಿಲ್ಲರಿ. ನಿನ್ನಿ ಬಿಟ್ಟೈತಿ."

ನಮಗೆ ಹೇಳಿದ ಪರೀಕ್ಷೆಗಳಲ್ಲಿ ಇದಿಲ್ಲ ಎಂದು ಹೇಳಿ ಕೆಳಗಿಳಿದೆ. ಎರಡು ದಿನ ಚಾಚಾ ಅವರ ಮುಖ ನೋಡಲಾಗದೆ ತಿರುಗಿದೆ. ಮೂರನೆಯ ದಿನ ಆ ಗಟ್ಟಿಗಳು ನೆನೆದ ನೀರನ್ನು ನಾನೇ ಕೆಮಿಸ್ಟ್ರಿ ವಿಭಾಗಕ್ಕೆ ಒಯ್ದು ಪರೀಕ್ಷೆ ಮಾಡಿಸಿದೆ. ಸೀಸ ಮಿತಿ ದಾಟಿ ಬಹಳ ದೂರ ಹೋಗಿತ್ತು.

ನಮ್ಮ ವಿಭಾಗದ ಮುಖ್ಯಸ್ಥರು ಆ ಫಲಿತಾಂಶದ ಕಾಗದವನ್ನು ಎರಡು ಸಲ ಓದಿದರು. "ಕಳಿಸಿದ ವರದಿ ವಾಪಸ್ ತಗೊಂಡ್ರ ನಾಳೆ ನಮ್ಮನ್ನ ಯಾರು ನಂಬ್ತಾರ?" ಎಂದರು. ಬಿರುಕು ಬಿಟ್ಟ ಗಟ್ಟಿಯನ್ನು ಅವರ ಮೇಜಿನ ಮೇಲಿಟ್ಟೆ. ಕೊನೆಗೆ ಅವರು, "ಬರೀರಿ" ಎಂದರು. ನನ್ನ ವರದಿ ತಪ್ಪು ಎಂದು ನಾನೇ ಬರೆದೆ.

ಅದನ್ನು ಹೇಳಲು ಆ ಸಂಜೆ ಚಾಚಾ ಅವರ ಮನೆಗೆ ಹೋದೆ. ಅವರ ತಮ್ಮ ಬಾಗಿಲ ಬಳಿ ಕುಳಿತಿದ್ದ. ನನ್ನ ಜೊತೆ ಅವನಿಗೂ ಚಹಾ ಬಂತು. ಅವನ ಎರಡೂ ಕೈ ಮಣಿಕಟ್ಟಿನಿಂದ ಕೆಳಗೆ ಜೋತುಬಿದ್ದಿದ್ದವು. ಚಾಚಾ ಲೋಟವನ್ನು ಅವನ ತುಟಿಗೆ ಹಿಡಿದು ಕುಡಿಸಿದರು. ಆ ಕಾರ್ಖಾನೆಯಲ್ಲಿ ಅವನು ಹದಿನೈದು ವರ್ಷ ಸೀಸ ಎರಕ ಹೊಯ್ದಿದ್ದನಂತೆ; ಸೀಸದ ವಿಷ ಕೈಯ ನರಗಳನ್ನು ತಿಂದಿತ್ತು.

"ಇದನ್ನ ನನಗ ಯಾಕ ಹೇಳಲಿಲ್ಲ?" ಎಂದು ಕೇಳಿದೆ.

"ಹೇಳಿದ್ರ ನೀವು ನನ್ನ ಮಾರಿ ನೋಡ್ತಿದ್ರಿ, ಮೇಡಮ್ಮಾರ. ಮಣ್ಣ ನೋಡಬೇಕಾಗಿತ್ತು."

ಆ ಬೇಸಿಗೆಯೆಲ್ಲ ಮಿಶ್ರಣ ಬದಲಿಸುತ್ತ ಹೋದೆವು. ತೋಯಿಸಿ ಒಣಗಿಸುವ ಹನ್ನೆರಡು ಸುತ್ತು ತಾಳದ ಯಾವುದನ್ನೂ ಒಪ್ಪಲಿಲ್ಲ. ಗಟ್ಟಿಗಳ ತಟ್ಟೆ ಹೊತ್ತು ಚಾಚಾ ದಿನವೂ ಮೆಟ್ಟಿಲು ಹತ್ತಿಳಿದರು. ಕೊನೆಗೊಂದು ಮಿಶ್ರಣ ತಾಳಿತು. ಆದರೂ ಅದನ್ನು ಮಕ್ಕಳ ಕಾಲಡಿ ಹಾಕುವುದು ಬೇಡವೆಂದು ಬರೆದೆ. ಅಂಗನವಾಡಿಗೆ ಬೇರೆ ಕಡೆಯ ಗರಸು ಮಣ್ಣು ಬಂತು. ಸೀಸದ ಮಣ್ಣನ್ನು ಗಟ್ಟಿ ಮಾಡಿ ಕಾರ್ಖಾನೆಯ ಜಾಗದಲ್ಲೇ ತಗ್ಗಿನಲ್ಲಿ ತುಂಬಿ, ಬಿಸಿಲು ಮಳೆ ನೇರ ತಾಗದಂತೆ ಮೇಲೆ ದಪ್ಪ ಮಣ್ಣಿನ ಹೊದಿಕೆ ಹಾಕಿ ಬೇಲಿ ಕಟ್ಟಿದರು.

ಚಾಚಾ ನಿವೃತ್ತರಾದರು. ಹೋದ ಮಳೆಗಾಲದಲ್ಲಿ ಉಸಿರಾಟದ ಕಾಯಿಲೆಯಿಂದ ತೀರಿಕೊಂಡರು. ಗಂಡಸರು ಖಬರಸ್ತಾನದಲ್ಲಿ ಮಣ್ಣು ಕೊಟ್ಟು ಬರುವ ತನಕ ನಾನು ಒಳಗೆ ಹೆಂಗಸರ ಜೊತೆ ಕುಳಿತಿದ್ದೆ. ಹೊರಡುವಾಗ ಅವರ ತಮ್ಮ ನನ್ನನ್ನು ಬಾಗಿಲಲ್ಲಿ ತಡೆದ.

"ಆ ಮಣ್ಣ ಹೆಂಗೈತ್ರಿ, ಮೇಡಮ್ಮಾರ?"

"ಮೊನ್ನಿ ಮಳಿ ಆದ ಮ್ಯಾಲ ನೋಡಿ ಬಂದೀನಿ. ಗಟ್ಟಿ ಐತಿ."

"ಬ್ಯಾಸಗಿ ಕಳದ ಮ್ಯಾಲೂ ಒಮ್ಮೆ ನೋಡ್ರಿ. ಅಣ್ಣ ಇದ್ರ ಅದನ್ನ ಹೇಳ್ತಿದ್ದ."

ಈ ವರ್ಷ ಬೇಸಿಗೆ ಕಳೆದು ಮಳೆ ಬಿದ್ದ ಮರುದಿನ ಹೋದೆ. ಚಾಚಾ ಅವರ ತಮ್ಮನನ್ನೂ ಕರೆದುಕೊಂಡೆ. ಹೊದಿಕೆಯ ಒಂದು ಮೂಲೆಯ ಮಣ್ಣು ಸರಿಸಿ, ಇಬ್ಬರೂ ಬಗ್ಗಿ, ಬಿರುಕಿದೆಯೇ ಎಂದು ಬಹಳ ಹೊತ್ತು ಹುಡುಕಿದೆವು. ಇರಲಿಲ್ಲ. ಮಣ್ಣು ಮತ್ತೆ ಮುಚ್ಚಿ, ಓಣಿಯ ನಲ್ಲಿಯಲ್ಲಿ ಮೊದಲು ಅವನ ಕೈ ತೊಳೆಸಿ, ಆಮೇಲೆ ನಾನು ತೊಳೆದುಕೊಂಡೆ.